ಗೆದ್ದದ್ದು ಸರಿ, ಆದರೆ ಯಾವ ಬಣ್ಣ?

ಸ್ಪೇನಿನ ದೊಡ್ಡ ಸೈಕಲ್ ರೇಸ್ ವುಯೆಲ್ಟಾ 2025ರಲ್ಲಿ ಹೇಗೆ ಮುಗಿಯಿತು ಅಂತ ಎಲ್ಲರಿಗೂ ಗೊತ್ತು. ಮ್ಯಾಡ್ರಿಡ್‌ನಲ್ಲಿ ಪ್ರತಿಭಟನೆಯವರು ರಸ್ತೆಗಿಳಿದರು, ಕೊನೇ ಹಂತ ಅರ್ಧಕ್ಕೇ ನಿಂತಿತು, ವೇದಿಕೆ ಸಮಾರಂಭವೂ ರದ್ದಾಯಿತು. ಮೂರು ವಾರ ಬೆಟ್ಟ ಹತ್ತಿ ಗೆದ್ದ ಡೆನ್ಮಾರ್ಕಿನ ಸವಾರ ವಿಂಗೆಗಾರ್ಡ್, ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಐಸ್ ಪೆಟ್ಟಿಗೆ ಮೇಲೆ ನಿಂತು ಕೈ ಬೀಸಿದರು. ಇಷ್ಟಾದ ಮೇಲೂ ನಮ್ಮ ತಜ್ಞರು ಮೂಗು ಮುರಿದರು. "ಗೆದ್ದ, ಸರಿ. ಆದರೆ ಅದು ವುಯೆಲ್ಟಾ ಅಲ್ವಾ?"

ಈ 'ಆದರೆ' ಇದೆಯಲ್ಲ, ಸೈಕ್ಲಿಂಗಿನಲ್ಲಿ ಅದಕ್ಕಿಂತ ಕಡಿದಾದ ಏರು ಇನ್ನೊಂದಿಲ್ಲ. ಫ್ರಾನ್ಸಿನ ಟೂರ್ ಗೆದ್ದವನಿಗೆ 'ಆದರೆ' ಇಲ್ಲ. ಇಟಲಿಯ ಜಿರೋ ಗೆದ್ದವನಿಗೆ ಅರ್ಧ 'ಆದರೆ'. ವುಯೆಲ್ಟಾ ಗೆದ್ದವನಿಗೆ ಪೂರ್ತಿ. ಮೂರಕ್ಕೂ ಮೂರು ವಾರ, ಮೂರಕ್ಕೂ 21 ಹಂತ, ಕಾಲು ನೋಯುವುದೂ ಒಂದೇ ಥರ. ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಮಾತ್ರ ತಕ್ಕಡಿ ಹಿಡಿದು ಟೂರ್ ಗೆದ್ದವನಿಗೆ 1300 ಪಾಯಿಂಟ್, ಉಳಿದ ಇಬ್ಬರಿಗೆ 1100 ಅಂತ ತೂಗಿಟ್ಟಿದೆ. ಬಹುಮಾನ ಟೂರ್‌ನಲ್ಲಿ 5 ಲಕ್ಷ ಯೂರೊ, ವುಯೆಲ್ಟಾದಲ್ಲಿ ಒಂದೂವರೆ ಲಕ್ಷ. ತಮಾಷೆ ಏನೆಂದರೆ, ಎರಡೂ ಈಗ ಒಂದೇ ಕಂಪನಿಯ ಕೈಯಲ್ಲಿವೆ. ಒಂದೇ ಮನೆ, ಎರಡು ಪಂಕ್ತಿ.

ಈ ಗೌರವ ಹುಟ್ಟಿದ್ದಾದರೂ ಎಲ್ಲಿ? ದಿನಪತ್ರಿಕೆಯ ಗೋದಾಮಿನಲ್ಲಿ. ಲೋಟೊ ಪತ್ರಿಕೆ ಮಾರಾಟವಾಗಲಿ ಅಂತ 1903ರಲ್ಲಿ ಟೂರ್ ಶುರುವಾಯಿತು. ಅದರ ಕಾಗದ ಹಳದಿ, ಅದಕ್ಕೇ ಆಮೇಲೆ ರೇಸ್‌ನಲ್ಲಿ ಮುಂದಿರುವವನ ಜೆರ್ಸಿಯೂ ಹಳದಿ. ಜಿರೋ ಶುರುಮಾಡಿದ ಗಝೆಟ್ಟಾ ಪತ್ರಿಕೆಯ ಕಾಗದ ಗುಲಾಬಿ, ಹಾಗಾಗಿ ಜಿರೋ ಜೆರ್ಸಿಯೂ ಗುಲಾಬಿ. ವುಯೆಲ್ಟಾವನ್ನು ಹುಟ್ಟುಹಾಕಿದ್ದೂ ಪತ್ರಿಕೆಯೇ, 1935ರಲ್ಲಿ. ಪಾಪ, ಅದಕ್ಕೊಂದು ಬಣ್ಣದ ಕಾಗದ ಸಿಗಲಿಲ್ಲ. ಕಿತ್ತಳೆ, ಬಿಳಿ, ಹಳದಿ, ಬಂಗಾರ ಅಂತ ಅಲೆದಾಡಿ 2010ರಲ್ಲಿ ಕೆಂಪಿಗೆ ಬಂದು ನಿಂತಿತು. ಅಂದರೆ ನಾವು ತಲೆ ಮೇಲೆ ಹೊತ್ತು ಮೆರೆಸುವ ಪರಂಪರೆ ಹಳೇ ಪೇಪರಿನ ಬಣ್ಣ ಅಷ್ಟೇ.

ಟೂರ್ ಯಾಕೆ ದೊಡ್ಡದು ಅಂತ ತಜ್ಞರನ್ನು ಕೇಳಿ. ಒಳ್ಳೊಳ್ಳೆ ಸವಾರರು ಬರುತ್ತಾರೆ, ಅದಕ್ಕೆ. ಅವರು ಯಾಕೆ ಬರುತ್ತಾರೆ? ಟೂರ್ ದೊಡ್ಡದು, ಅದಕ್ಕೆ. ಇಷ್ಟು ಚೆನ್ನಾಗಿ ತಿರುಗುವ ಚಕ್ರ ಯಾವ ಸೈಕಲ್ಲಿನಲ್ಲೂ ಇಲ್ಲ.

ಈ ಮೂರು ರೇಸ್‌ಗಳಿಗೆ ಗ್ರ್ಯಾಂಡ್ ಟೂರ್ ಅನ್ನುತ್ತಾರೆ; ಬ್ರಿಟನ್ನಿನ ಮೊದಲ ಗ್ರ್ಯಾಂಡ್ ಟೂರ್ ವಿಜೇತ ಯಾರು ಅಂತಲೂ ಕೇಳಿ ನೋಡಿ. ಥಟ್ಟನೆ ವಿಗಿನ್ಸ್, 2012ರ ಟೂರ್ ಅನ್ನುತ್ತಾರೆ. ದಾಖಲೆಯ ಪ್ರಕಾರ ಫ್ರೂಮ್, 2011ರ ವುಯೆಲ್ಟಾ. ಆಗ ಗೆದ್ದಿದ್ದ ಕೋಬೊ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು, 2019ರಲ್ಲಿ ಪಟ್ಟ ಫ್ರೂಮ್‌ಗೆ ಬಂತು. ಎಂಟು ವರ್ಷ ತಡ! ಅಷ್ಟರಲ್ಲಿ ಅವರು ನಾಲ್ಕು ಟೂರ್ ಗೆದ್ದಾಗಿತ್ತು.

ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಗೌರವದ ವಿಷಯ ಸರಿಯಾಗಿ ಅರ್ಥ ಮಾಡಿಕೊಂಡವನು ಒಬ್ಬನೇ. ಇಟಲಿಯ ಸವಾರ ಲುಯಿಜಿ ಮಲಬ್ರೋಕ್ಕಾ. ಯುದ್ಧ ಮುಗಿದ ಹೊಸದರಲ್ಲಿ ಜಿರೋದಲ್ಲಿ ಕಡೆಯವನಿಗೂ ಒಂದು ಕಪ್ಪು ಜೆರ್ಸಿ ಇತ್ತು. ಜನ ಅವನಿಗೆ ಏನೇನೋ ಉಡುಗೊರೆ ಕೊಡುತ್ತಿದ್ದರು. ಮಲಬ್ರೋಕ್ಕಾ ಲೆಕ್ಕ ಹಾಕಿದ. ಕೊಪ್ಪಿ, ಬಾರ್ತಲಿಯಂಥ ದಿಗ್ಗಜರು ಇರುವಾಗ ಮೊದಲು ಬರುವುದು ಕನಸಿನ ಮಾತು. ಕಡೆಗೆ ಬರಬಹುದಲ್ಲ! ಸರಿ, ಕೊಟ್ಟಿಗೆಯಲ್ಲಿ ಅಡಗಿದ, ಬಾರಿನಲ್ಲಿ ಕೂತ, ಹೊತ್ತು ಕಳೆದ. 1946, 1947, ಎರಡೂ ವರ್ಷ ಕಡೆಯ ಸ್ಥಾನ ಗೆದ್ದ. ಆಮೇಲೆ ಅದಕ್ಕೂ ಪೈಪೋಟಿ ಬಂತು. 1949ರಲ್ಲಿ ಕರೋಲ್ಲೊ ಅನ್ನುವವನು ಇವನಿಗಿಂತಲೂ ನಿಧಾನ. ಕೊನೇ ದಿನ ಮಲಬ್ರೋಕ್ಕಾ ಎಷ್ಟು ತಡ ಮಾಡಿದನೆಂದರೆ, ಸಮಯ ಬರೆಯುವವರು ಬೇಸತ್ತು ಎದ್ದು ಹೋಗಿದ್ದರು. ಅವನಿಗೆ ಮುಂಚೆಯೇ ಮುಟ್ಟಿದ್ದ ಸವಾರರ ಗುಂಪಿನ ಸಮಯವನ್ನೇ ಬರೆದುಬಿಟ್ಟರು. ಕಡೆಯ ಸ್ಥಾನ ಕೈತಪ್ಪಿತು! ಇಂಥ ಸೋಲಿಗೆ ಯುಸಿಐ ಎಷ್ಟು ಪಾಯಿಂಟ್ ಕೊಡುತ್ತದೋ.

ಒಂದು ವಾರದ ಆಸುಪಾಸಿನ ರೇಸ್‌ಗಳ ಪಾಡು ಇನ್ನೂ ಚಂದ. ಫ್ರಾನ್ಸಿನ ಡೋಫಿನೆ (2025ರವರೆಗಿನ ಹೆಸರು), ಸ್ವಿಟ್ಜರ್ಲೆಂಡಿನ ಟೂರ್ ಡ ಸ್ವಿಸ್ ಎಲ್ಲಕ್ಕೂ 'ಟೂರ್ ತಯಾರಿ' ಅಂತ ಒಂದೇ ಹೆಸರು. ಸುಮ್ನೆ ಕಾಲು ಬಿಸಿ ಮಾಡಿಕೊಳ್ಳುವುದಕ್ಕಂತೆ.

2023ರ ಜೂನ್‌ನಲ್ಲಿ ಟೂರ್ ಡ ಸ್ವಿಸ್ ಅನ್ನುವ ಇದೇ 'ತಯಾರಿ'ಯಲ್ಲಿ, ಅಲ್ಬುಲಾ ಬೆಟ್ಟದ ಇಳಿಜಾರಿನಲ್ಲಿ ಸವಾರ ಜಿನೊ ಮೇಡರ್ ಬಿದ್ದರು. ಮರುದಿನ ತೀರಿಕೊಂಡರು. 26 ವರ್ಷ. ಆ ತಿರುವಿನಲ್ಲಿ ಯಾವನೂ ತಯಾರಿ ಮಾಡುತ್ತಿರಲಿಲ್ಲ ಕಣ್ರೀ. ಪೂರ್ತಿ ವೇಗದಲ್ಲಿ ರೇಸ್ ಮಾಡುತ್ತಿದ್ದರು. ಇದನ್ನು ನೋಡಿದವರೇ ಮುಂದಿನ ತಿಂಗಳು ಸೋಫಾ ಮೇಲೆ ಕೂತು, ಯಾವ ರೇಸ್ ಲೆಕ್ಕಕ್ಕಿದೆ, ಯಾವುದು ಇಲ್ಲ ಅಂತ ಪಟ್ಟಿ ಹಾಕುತ್ತಿದ್ದರು. ನಾನೂ ಅದೇ ಸೋಫಾದಲ್ಲಿದ್ದೆ.