ಸಾರ್ ಕಳಿಸಿದ ಗೆರೆ

ಮೊನ್ನೆ ಭಾನುವಾರದ ಸೈಕಲ್ ರೈಡಿನ ಕಾಲುನೋವು ಇನ್ನೂ ಹೋಗಿಲ್ಲ, ಸಿಟ್ಟಂತೂ ಹೋಗೋ ಮಾತೇ ಇಲ್ಲ. ಶನಿವಾರ ರಾತ್ರಿ ಹತ್ತೂವರೆಗೆ ನಮ್ಮ ಸೈಕಲ್ ಗ್ರೂಪಿನ ಸಾರ್ ಗ್ರೂಪಿಗೆ ಒಂದು ಫೈಲ್ ತಳ್ಳಿದ್ರು. ಹೆಸರು 'ಘಾಟಿ ಫೈನಲ್ ನ್ಯೂ 2 ಜಿಪಿಎಕ್ಸ್'. ಜಿಪಿಎಕ್ಸ್ ಅಂದ್ರೆ ಜಿಪಿಎಸ್ ದಾರಿ ಬರೆದಿಟ್ಟಿರೋ ಫೈಲು. ಕೆಳಗೆ ಒಂದೇ ಸಾಲು, "ಎಲ್ರೂ ಇದನ್ನೇ ಫಾಲೋ ಮಾಡಿ, ದಾರಿ ತಪ್ಪೋ ಚಾನ್ಸೇ ಇಲ್ಲ."

ಒತ್ತಿದೆ. ಇದನ್ನ ತೆಗೆಯೋ ಆ್ಯಪ್ ನಿಮ್ಮತ್ರ ಇಲ್ಲ ಅಂತು ಫೋನು. ಹೆಂಗೋ ತೆಗೆದ್ರೆ ಪುಟಗಟ್ಟಲೆ ನಂಬರು, ಅಕ್ಷಾಂಶ ರೇಖಾಂಶ ಎತ್ತರ ಟೈಮು, ಮತ್ತೆ ಅಕ್ಷಾಂಶ ರೇಖಾಂಶ, ಪಂಚಾಂಗ ಬಿಚ್ಚಿಟ್ಟ ಹಾಗೆ. ಮ್ಯಾಪಲ್ಲಿ ತೋರಿಸೋ ಸೈಟ್ ಹುಡುಕಿದ್ರೆ ಒಂದು ಲಾಗಿನ್ ಕೇಳ್ತು, ಇನ್ನೊಂದು ಗೆರೆ ಚೆನ್ನಾಗಿ ತೋರಿಸಿ ಡೌನ್‌ಲೋಡ್ ಅಂದ ತಕ್ಷಣ ದುಡ್ಡು ಕೇಳ್ತು, ಮೂರನೇದು ಇದು ಬೇಡ ಕೆಎಂಎಲ್ ಅನ್ನೋ ಇನ್ನೊಂದು ಥರದ ಮ್ಯಾಪ್ ಫೈಲ್ ಮಾಡಿಸ್ಕೊಂಡು ಬಾ ಅಂತು, ಥೇಟ್ ತಾಲ್ಲೂಕಾಫೀಸು. ಹ್ಯಾಂಡಲ್ ಮೇಲಿನ, ದಾರಿ ತೋರಿಸೋ ಪುಟ್ಟ ಜಿಪಿಎಸ್ ಡಬ್ಬಿಗೆ ಗೆರೆ ಇಳಿಯೋ ಹೊತ್ತಿಗೆ ಹನ್ನೆರಡು. "ಘಾಟಿ ಸುಬ್ರಹ್ಮಣ್ಯಕ್ಕೆ ತಾನೇ, ದೊಡ್ಡಬಳ್ಳಾಪುರದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರಲ್ರೀ" ಅಂದ್ಲು ಹೆಂಡತಿ. ನಾನು ದೀಪ ಆರಿಸಿದೆ.

ಬೆಳಿಗ್ಗೆ ಯಲಹಂಕ ಬಿಟ್ಟಿದ್ದು ಐದು ಜನ. ಸಾರ್‌ಗೆ ಮಂಡಿನೋವು, ಅವರ ಬದಲಿಗೇ ಈ ಫೈಲು. ಇಲ್ಲೊಂದು ಸೂಕ್ಷ್ಮ ಇದೆ. ಜಿಪಿಎಕ್ಸಲ್ಲಿ ರೂಟ್ ಅಂದ್ರೆ ಹೋಗಬೇಕಾದ ದಾರಿ, ಟ್ರ್ಯಾಕ್ ಅಂದ್ರೆ ಮನುಷ್ಯ ನಿಜಕ್ಕೂ ಹೋಗಿದ್ದು. ಸಾರ್ ಕಳಿಸಿದ್ದು ಟ್ರ್ಯಾಕು. ಅವರು ಶೂ ಹಾಕ್ಕೊಳ್ಳೋವಾಗ ರೆಕಾರ್ಡಿಂಗ್ ಒತ್ತಿದ್ರೆ ವಾಪಸ್ ಬಂದು ಸ್ನಾನ ಆದ್ಮೇಲೇ ನಿಲ್ಸೋದು. ಸೆಕೆಂಡಿಗೊಂದು ಚುಕ್ಕಿ ಅಂದ್ರೆ 4 ಗಂಟೆಗೆ 14,400 ಚುಕ್ಕಿ, ಒಂದನ್ನೂ ಅಳಿಸಲ್ಲ. ಬೇಡದ ತುಂಡು ತೆಗೆಯೋಕೆ ಆ್ಯಪಲ್ಲೇ ಕತ್ತರಿ ಗುರುತು ಇರುತ್ತೆ ಸಾರ್ ಅಂದ್ರೆ "ಡೇಟಾ ಹಾಳಾಗುತ್ತೆ ಕಣ್ರೀ" ಅಂತಾರೆ.

ರಾಜಾನುಕುಂಟೆ ಆಯ್ತು, ದೊಡ್ಡಬಳ್ಳಾಪುರ ದಾಟಿ ಸ್ವಲ್ಪ ದೂರ ಹೋದ್ವಿ, ಡಬ್ಬಿ ಪೀಂಗುಟ್ಟಿತು. ಎಡಕ್ಕೆ ತಿರುಗು. ಎಡಕ್ಕೆ ರಸ್ತೆ ಎಲ್ಲಿದೆ, ರಾಗಿ ಹೊಲ! "ಶಾರ್ಟ್‌ಕಟ್ ಇರ್ಬೇಕು" ಅಂದ ನಮ್ಮ ಸಾಫ್ಟ್‌ವೇರ್ ಹುಡುಗ. ಸೈಕಲ್ ಹೆಗಲಿಗೇರಿಸಿ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೊರಟ್ವಿ, ಉತ್ಸವ ಹೊರಟ ಹಾಗೆ. ನೂರೈವತ್ತು ಮೀಟರ್ ಆದ್ಮೇಲೆ ಒಂದು ಹೊಂಗೆ ಮರ. ಅಲ್ಲಿ ಗೆರೆ ಗಂಟು ಗಂಟಾಗಿ ಆಮೇಲೆ ಬಂದ ದಾರೀಲೇ ವಾಪಸ್. ಆ ಕಡೆ ಏನಾದ್ರೂ ದಾರಿ ಇದೆಯಾ ಅಂತ ಮರಕ್ಕೆ ಒಂದು ಸುತ್ತು ಹಾಕಿದ್ವಿ. ಎಮ್ಮೆ ಮೇಯಿಸ್ತಿದ್ದ ಅಜ್ಜ, "ಏನ್ ಸ್ವಾಮಿ, ಏನಾರ ಕಳ್ಕಂಡ್ರಾ?"

ಸಾರ್‌ಗೆ ಫೋನ್ ಹಚ್ಚಿದೆ. "ಸಾರ್, ಇಲ್ಲೊಂದು ಹೊಂಗೆ ಮರ..." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಓ, ಅದಾ. ಅಲ್ಲಿ ನಾನು ಒಂದಕ್ಕೆ ಹೋಗಿದ್ದೆ ಕಣ್ರೀ."

ಐದು ಜನ ವಿದ್ಯಾವಂತರು, ಸೈಕಲ್ ಹೊತ್ಕೊಂಡು, ಆ ಪುಣ್ಯಕ್ಷೇತ್ರಕ್ಕೆ ಪ್ರದಕ್ಷಿಣೆ ಹಾಕಿದ್ವಿ. ಮನೆಗೆ ಬಂದು ಫೈಲಲ್ಲಿ ಟೈಮ್ ನೋಡಿದೆ, ಸಾರ್ ಅಲ್ಲಿ ನಿಂತಿದ್ದು ನಾಲ್ಕು ನಿಮಿಷ. 240 ಚುಕ್ಕಿ. ಸಮುದ್ರಮಟ್ಟದಿಂದ ಎತ್ತರದ ಸಮೇತ.

ಅದನ್ನ ಡಿಲೀಟ್ ಮಾಡೋಕೆ ಹೋಗಿ ನನ್ನ ಹಳೇ ಫೈಲೊಂದು ಕಣ್ಣಿಗೆ ಬಿತ್ತು, 2019ರ ನಂದಿಬೆಟ್ಟದ್ದು. ಅದರಲ್ಲೂ ಒಂದು ಗಂಟು, ಬೆಟ್ಟದ ಬುಡದ ಟೀ ಅಂಗಡಿ ಹತ್ರ, ನಲವತ್ತು ನಿಮಿಷದ್ದು. ಜೊತೆಗಿದ್ದವನು ಈಗ ಕೆನಡಾದಲ್ಲಿ, ಯುಗಾದಿಗೆ ಒಂದು ಸ್ಟಿಕ್ಕರ್ ಕಳಿಸ್ತಾನೆ. ಅಷ್ಟು ಹೊತ್ತು ಏನು ಮಾತಾಡಿದ್ವೋ ಒಂದೂ ನೆನಪಿಲ್ಲ. ಕತ್ತರಿ ಗುರುತಿನ ಮೇಲೆ ಬೆರಳಿತ್ತು, ಒತ್ತದೆ ಹಿಂದಕ್ಕೆ ತೆಗೆದೆ.

ಆಮೇಲೆ ಹೊಳೀತು, ಭಾನುವಾರ ನಮ್ಮ ಐದೂ ಜನದ ಡಬ್ಬಿ ಆನ್ ಇತ್ತು, ಐದೂ ಟ್ರ್ಯಾಕು ತಮ್ಮಷ್ಟಕ್ಕೆ ಮ್ಯಾಪ್ ಸೈಟಿಗೆ ಅಪ್‌ಲೋಡ್ ಆಗಿವೆ. ಈ ಸೈಟುಗಳು ಜನ ಓಡಾಡಿದ ಜಾಗಾನ ದಪ್ಪ ಗೆರೆ ಮಾಡಿ, ಇದು ಚೆನ್ನಾಗಿರೋ ದಾರಿ ಅಂತ ಬೇರೆಯವರಿಗೆ ತೋರಿಸ್ತವಂತೆ. ಆ ಅಜ್ಜನಿಗೆ ಒಂದು ಮಾತು ಹೇಳಿ ಬರಬೇಕಿತ್ತು, ಇನ್ನೂ ಜನ ಬರ್ತಾರೆ ಅಂತ.