ಕೆರೆ ಇಲ್ಲದ ಕೋಡಿ

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಒಂದು ಕಾಲಕ್ಕೆ ಅಜ್ಜಿಯ ರೇಷ್ಮೆ ಸೀರೆಗಳಿದ್ದವು. ಸೀರೆಗಳು ಅತ್ತೆಯಂದಿರ ಪಾಲಾದ ಮೇಲೆ ಆ ಜಾಗಕ್ಕೆ ಸಿನಿಮಾ ಸೀಡಿಗಳು ಬಂದವು. ಅಪ್ಪ ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋದಾಗಲೆಲ್ಲ, ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ ಹತ್ತುವ ಮುಂಚೆ ಒಂದೋ ಎರಡೋ ಸೀಡಿ ಕೊಳ್ಳುತ್ತಿದ್ದರು. ಅಮ್ಮನಿಗೆ ಮಲ್ಲಿಗೆ, ನಮಗೆ ಬಾಳೆಹಣ್ಣು, ಮನೆಗೆ ಸಿನಿಮಾ. ಹತ್ತು ವರ್ಷದಲ್ಲಿ ಟ್ರಂಕು ಎಷ್ಟು ತುಂಬಿತೆಂದರೆ ಅದರ ಚಿಲಕ ಹಾಕಲು ಯಾರಾದರೂ ಮೇಲೆ ಕೂರಬೇಕಿತ್ತು. ಮನೆಯಲ್ಲಿ ದಪ್ಪಗಿದ್ದವನು ನಾನೇ.

ಸೀಡಿ ಪ್ಲೇಯರ್ ಯಾವತ್ತೋ ಕೈಕೊಟ್ಟಿತ್ತು. ಟ್ರಂಕು ಮಾತ್ರ ಅಟ್ಟದ ಮೇಲೆ ಹಾಗೇ ಇತ್ತು. ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ನನಗೆ ಉತ್ಸಾಹ ಬಂತು. ಇದನ್ನೆಲ್ಲ ಕಾಪಿ ಮಾಡಿ, ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹಾಕಿ, ಟಿವಿಗೆ ಚುಚ್ಚಿಬಿಡೋಣ. ಅಪ್ಪ ರಿಮೋಟ್ ಒತ್ತಿದರೆ ಸಾಕು, ಸಿನಿಮಾ ಬರಬೇಕು. ನಾಲ್ಕು ದಿನದ ಕೆಲಸ ಅಂದುಕೊಂಡೆ. ಸೀಡಿ ಡ್ರೈವಿಗೂ ಹೀಗೆ ಅನ್ನಿಸಿದ್ದರೆ ಚೆನ್ನಾಗಿತ್ತು.

ಪುಟ್ಟ ಪೆಟ್ಟಿಗೆ ಅಂದರೆ ರಾಸ್ಪ್‌ಬೆರಿ ಪೈ. ಎಟಿಎಂ ಕಾರ್ಡಿನಷ್ಟೇ ಅಗಲದ ಕಂಪ್ಯೂಟರು. 2012ರಲ್ಲಿ ಇದು ಮೊದಲು ಬಂದಾಗ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡಿದ್ದರಂತೆ. ನನ್ನಂಥವರು ಅದರಲ್ಲಿ ಸಿನಿಮಾ ನೋಡುತ್ತೇವೆ. ಅದಕ್ಕೆ ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ 500 ಜಿಬಿ ಹಾರ್ಡ್ ಡಿಸ್ಕನ್ನು ಸಿಕ್ಕಿಸಿದೆ. ತಕ್ಷಣ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಹೊಳೆಯಿತು. ಆಹಾ, ಎಷ್ಟು ಶಕ್ತಿ ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಮಿಂಚು ಬಂದರೆ ಕರೆಂಟು ಸಾಲುತ್ತಿಲ್ಲ ಅಂತ ಅರ್ಥ. ಫೋನಿನ ಚಾರ್ಜರ್ ಹಾಕಿ ಅದರ ಮೇಲೆ ಡಿಸ್ಕಿನ ಭಾರವನ್ನೂ ಹೊರಿಸಿದ್ದೆ. ಅಪ್ಪ ಇಣುಕಿ ನೋಡಿ, "ವೋಲ್ಟೇಜ್ ಇಲ್ಲ ಅಲ್ವಾ? ಅಟ್ಟದ ಮೇಲೆ ಸ್ಟೆಬಿಲೈಜರ್ ಇದೆ, ತಗೋ" ಅಂದರು. ಅದನ್ನು ಇಳಿಸಲು ಇಬ್ಬರು ಬೇಕು. ಬೇಡ ಅಂದು ಸರಿಯಾದ ಚಾರ್ಜರ್ ತರಿಸಿದೆ.

ಸಿನಿಮಾಗಳನ್ನು ಪರದೆಯಲ್ಲಿ ಜೋಡಿಸಿ ತೋರಿಸುವ ಸಾಫ್ಟ್‌ವೇರಿನ ಹೆಸರು ಕೋಡಿ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹವ್ಯಾಸಿಗಳು ಶುರು ಮಾಡಿದ್ದು. ಎಕ್ಸ್‌ಬಿಎಂಸಿ ಎಂಬ ಬಾಯಿಗೆ ಬರದ ಹೆಸರು ಬಹಳ ಕಾಲ ಇತ್ತು. 2014ರಲ್ಲಿ ಕೋಡಿ ಅಂತ ಬದಲಿಸಿದರು. ಪುಕ್ಕಟೆ ಸಿಗುತ್ತದೆ. ಅಪ್ಪ ಸಣ್ಣ ನೀರಾವರಿ ಇಲಾಖೆಯಲ್ಲಿದ್ದವರು. ಪರದೆಯ ಮೇಲೆ ಆ ಹೆಸರು ಕಂಡಿದ್ದೇ ಕನ್ನಡಕ ಸರಿಮಾಡಿಕೊಂಡರು.

"ಕೋಡಿನಾ? ಯಾವ ಕೆರೆದೋ?"

"ಕೆರೆ ಇಲ್ಲ ಅಪ್ಪ, ಸುಮ್ನೆ ಹೆಸರು."

"ಕೆರೆ ಇಲ್ಲದೆ ಕೋಡಿ ಎಲ್ಲಿಂದ ಬಿತ್ತು?" ಅಂದು, ಇದು ನಿಲ್ಲುವ ಕಾಮಗಾರಿ ಅಲ್ಲ ಎಂಬಂತೆ ತಲೆಯಾಡಿಸಿ ಹೋದರು.

ಕಾಪಿ ಮಾಡುವ ಕೆಲಸದಲ್ಲಿ ಒಂದು ವಿಚಿತ್ರ ಕಂಡೆ. ವಿಸಿಡಿ, ಅಂದರೆ ಈ ಸಿನಿಮಾ ಸೀಡಿಯೊಳಗೆ, ಸಿನಿಮಾ ಯಾವುದೇ ಇರಲಿ, ಫೈಲಿನ ಹೆಸರು ಒಂದೇ: ಎವಿಸೆಕ್ 01 ಡಾಟ್ ಡ್ಯಾಟ್. ಪೌರಾಣಿಕವೂ ಅದೇ, ಪತ್ತೇದಾರಿಯೂ ಅದೇ, ಅಳುಬುರುಕ ಕೌಟುಂಬಿಕವೂ ಅದೇ. ಒಂದು ತರಗತಿಯ ಮಕ್ಕಳೆಲ್ಲ ಮಂಜುನಾಥ ಆಗಿಬಿಟ್ಟರೆ ಹಾಜರಿ ಕೂಗುವ ಮೇಷ್ಟ್ರ ಕಥೆ ಏನು? ಹಾಗಾಯಿತು ನನ್ನ ಗತಿ. ಜೊತೆಗೆ ಒಂದು ಸೀಡಿಯಲ್ಲಿ ಹಿಡಿಯುವುದೇ ಒಂದೂಕಾಲು ಗಂಟೆಯಷ್ಟು. ನಮ್ಮ ಸಿನಿಮಾ ಎರಡೂವರೆ ಗಂಟೆ. ಹಾಗಾಗಿ ಪ್ರತಿ ಸಿನಿಮಾಕ್ಕೂ ಎರಡು ಸೀಡಿ, ಕೆಲವಕ್ಕೆ ಮೂರು. ಫೈಲಿನ ಹೆಸರಿನ ಕೊನೆಯಲ್ಲಿ ಸಿಡಿ1, ಸಿಡಿ2 ಅಂತ ಹಾಕಿದರೆ ಕೋಡಿ ಎರಡನ್ನೂ ಹೊಲಿದು ಒಂದೇ ಸಿನಿಮಾ ಮಾಡುತ್ತದೆ. ಜಾಣ.

ಆದರೆ ಜಾಣತನಕ್ಕೂ ಮಿತಿ ಇದೆ. ಅದು ಹೆಸರು ನೋಡಿ ಅಂತರ್ಜಾಲದಿಂದ ಪೋಸ್ಟರ್ ಹುಡುಕಿ ತರುತ್ತದೆ. ನಾನು 'ನಾಗರಹಾವು' ಅಂತ ಬರೆದೆ. ಆ ಹೆಸರಿನಲ್ಲಿ 1972ರ ಪುಟ್ಟಣ್ಣ ಕಣಗಾಲರ ಸಿನಿಮಾ ಇದೆ, 2002ರದ್ದು ಇದೆ, 2016ರದ್ದೂ ಇದೆ. 2016ರದ್ದರಲ್ಲಿ, 2009ರಲ್ಲೇ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಮತ್ತೆ ತಂದಿದ್ದರು. ಹಾಗಾಗಿ ಯಂತ್ರ ತಪ್ಪು ಪೋಸ್ಟರ್ ಅಂಟಿಸಿದ್ದಕ್ಕೆ ಬೈಯುವ ಹಾಗೂ ಇರಲಿಲ್ಲ. ಹೆಸರಿನ ಪಕ್ಕ ಇಸವಿ ಬರೆದ ಮೇಲೆ ಸರಿಹೋಯಿತು. ಉಳಿದವುಗಳ ಇಸವಿ ಅಮ್ಮನ ಹತ್ತಿರ ಸಿಕ್ಕಿತು. "ಅದು ನೀನು ಹುಟ್ಟಿದ ಹಿಂದಿನ ವರ್ಷ. ಟೆಂಟಲ್ಲಿ ನೋಡಿದ್ವಿ, ಮಳೆ ಬಂದು ಅರ್ಧಕ್ಕೇ ಎದ್ದು ಬಂದ್ವಿ." ಹೀಗೆ. ಟೆಂಟಿಗೆ ಬರುವಷ್ಟರಲ್ಲಿ ಸಿನಿಮಾಕ್ಕೆ ಒಂದೆರಡು ವರ್ಷ ವಯಸ್ಸಾಗಿರುತ್ತಿತ್ತು. ಅಷ್ಟು ಕಳೆದು ಬರೆದುಕೊಂಡೆ.

ಚಿತ್ರ ಹೇಗೆ ಕಾಣುತ್ತದೆ ಅಂತ ಕೇಳಬೇಡಿ. ವಿಸಿಡಿಯ ಚಿತ್ರ ಅಂದರೆ 352 ಚುಕ್ಕಿ ಅಡ್ಡ, 288 ಚುಕ್ಕಿ ಉದ್ದದ ರಂಗೋಲಿ. ಒಟ್ಟು ಒಂದು ಲಕ್ಷ ಚುಕ್ಕಿ. ಈಗಿನ 4ಕೆ ಟಿವಿಯಲ್ಲಿ ಚುಕ್ಕಿಗಳು 83 ಲಕ್ಷದ ಹತ್ತಿರ. ಒಂದು ಸೌಟು ಹಿಟ್ಟನ್ನು ಮದುವೆಮನೆಯ ಕಾವಲಿಗೆಲ್ಲ ಹರಡಿದ ಹಾಗೆ. ನಾಯಕಿಯ ಮುಖದಲ್ಲಿ ಮೂಗು ಎಲ್ಲಿದೆ ಅಂತ ನಾವೇ ನೆನಪಿಸಿಕೊಳ್ಳಬೇಕು. ಅಮ್ಮನಿಗೆ ಇದು ಕಾಣಲೇ ಇಲ್ಲ. ಟೆಂಟಿನಲ್ಲಿ ಕಂಬದ ಹಿಂದೆ ಕೂತು ನೋಡಿದವರು.

ಇನ್ನು ಗೀಚುಗಳು. ನಾವು ಚಿಕ್ಕವರಿದ್ದಾಗ ಒಂದು ಸಿನಿಮಾದಲ್ಲಿ ಮಗ ಅಳುತ್ತಾ, "ಅಮ್ಮಾ, ಹೇಳಮ್ಮಾ, ನನ್ನ ತಂದೆ ಯಾರು?" ಅನ್ನುತ್ತಿದ್ದ. ತಾಯಿ ಬಾಯಿ ತೆರೆಯುತ್ತಿದ್ದಳು. ಸೀಡಿ ಕರ್‌ಕರ್ ಅಂದು ಹಾರಿ, ನೇರ ಹೊಡೆದಾಟಕ್ಕೆ ಹೋಗುತ್ತಿತ್ತು. ಅವಳು ಏನು ಹೇಳಿದಳು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂಗಿ ಪ್ರತಿ ಸಲ ಅಲ್ಲಿ, "ಊಟ ಮಾಡು, ಆಮೇಲೆ ಹೇಳ್ತೀನಿ" ಅಂತ ತಾಯಿಯ ಪಾರ್ಟು ಮಾಡುತ್ತಿದ್ದಳು. ಈಗ ಅದೇ ಸಿನಿಮಾದ ಡಿವಿಡಿ ಟ್ರಂಕಿನ ತಳದಲ್ಲಿ ಸಿಕ್ಕಿತು. ಉಸಿರು ಬಿಗಿಹಿಡಿದು ಹಾಕಿದೆ. ತಾಯಿ ಬಾಯಿ ತೆರೆದಳು. "ಸಮಯ ಬಂದಾಗ ಹೇಳುತ್ತೇನೆ ಮಗು" ಅಂದಳು. ಇಪ್ಪತ್ತು ವರ್ಷ ಕಾದಿದ್ದಕ್ಕೆ ಇಷ್ಟೇನಾ! ತಂಗಿಯ ಸಂಭಾಷಣೆಯೇ ವಾಸಿ. ಗೀಚು ಬಿದ್ದ ಪ್ರತಿಯನ್ನೂ ಹಾಗೇ ಇಟ್ಟುಕೊಂಡಿದ್ದೇನೆ.

ಕಾಪಿ ಮಾಡಿ ಮುಗಿದ ಸೀಡಿಗಳನ್ನು ಅಪ್ಪನ ಕೈಗೆ ಕೊಡುತ್ತಾ ಬಂದೆ. ಕೊನೆಗೆ ಉದ್ಘಾಟನೆಯ ದಿನ ಬಂತು. ಅಮ್ಮನ ಮೆಚ್ಚಿನ ಸಿನಿಮಾ ಹಾಕಿದೆ. ಚುರುಮುರಿ, ಕಾಫಿ, ಪಕ್ಕದ ಮನೆಯವರು. ಮೊದಲ ಸೀಡಿ ಮುಗಿಯುವ ಜಾಗ ಬಂತು. ಎಲ್ಲೂ ನಿಲ್ಲಲಿಲ್ಲ, ಆದರೂ ಅಮ್ಮ ತನ್ನಷ್ಟಕ್ಕೆ ಎದ್ದು ಕಾಫಿ ಬಿಸಿ ಮಾಡಲು ಒಳಗೆ ಹೋದರು. ಸೀಡಿ ಬದಲಿಸುವ ಹೊತ್ತಿಗೆ ಕಾಫಿ, ಅದು ನಮ್ಮನೆ ಕ್ರಮ. ವಾಪಸ್ ಬಂದು ಕೂತವರು ಪರದೆ ನೋಡಿ, "ಇದೇನೋ, ಸತ್ತ ಯಜಮಾನ ಎದ್ದು ಬಂದ?" ಅಂದರು.

ಸಿನಿಮಾ ಮೊದಲಿನಿಂದ ಶುರುವಾಗಿತ್ತು. ಸೀಡಿ ಬದಲಿಸುವುದನ್ನು ಮರೆತು ಮೊದಲನೆಯದನ್ನೇ ಎರಡು ಸಲ ಕಾಪಿ ಮಾಡಿದ್ದೆ. ಎಲ್ಲ ಮಂಜುನಾಥರೂ ಒಂದೇ ಆದ್ದರಿಂದ ಗೊತ್ತಾಗಿರಲಿಲ್ಲ.

"ಅಪ್ಪ, ಆ ಎರಡನೇ ಸೀಡಿ ಎಲ್ಲಿಟ್ಟಿದ್ದೀರಿ?"

ಅಪ್ಪ ಕಿಟಕಿಯಾಚೆ ಬೆರಳು ತೋರಿಸಿದರು. ಹಿತ್ತಲಿನ ಸೀಬೆ ಮರದ ತುಂಬ ಸೀಡಿಗಳು ದಾರದಲ್ಲಿ ತೂಗಾಡುತ್ತಾ ಮಿರಮಿರ ಹೊಳೆಯುತ್ತಿದ್ದವು. ಗಿಳಿ ಓಡಿಸಲು ಕಟ್ಟಿದ್ದು. ಪಕ್ಕದ ಮನೆಯವರನ್ನು ಕೂರಿಸಿ, ಏಣಿ ಹಾಕಿ ಹತ್ತಿದೆ. ಒಂದೊಂದನ್ನೇ ಹಿಡಿದು ತಿರುಗಿಸಿ ಹೆಸರು ಓದುತ್ತಾ ಹೋದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಅಪ್ಪ ಹೇಳಿದರು:

"ಆ ಕೊಂಬೆ ಖಾಲಿ ಬಿಡಬೇಡ ಮಗಾ, ಕಾಯಿ ಜಾಸ್ತಿ ಇದೆ. ಒಂದನೇದು ಎರಡು ಸಲ ಇದೆಯಲ್ಲ, ಅದನ್ನ ಕಟ್ಟು."