ಕೀಶ್ ಪಿಜ್ಜಾ ಅಲ್ಲ, ದಯವಿಟ್ಟು ಚೀಸ್ ಸುರಿಯಬೇಡಿ

ಮನೆಗೆ ಓಟಿಜಿ (ಚಿಕ್ಕ ವಿದ್ಯುತ್ ಓವನ್) ತಂದವರೆಲ್ಲ ಕೇಕು, ಕುಕ್ಕೀಸು, ಪಿಜ್ಜಾ ಮುಗಿಸಿ ಒಂದಲ್ಲ ಒಂದು ದಿನ ಕೀಶ್‌ಗೆ, ಅಂದರೆ ಮೈದಾ ತಳದೊಳಗೆ ಮೊಟ್ಟೆ-ಕೆನೆ ಸುರಿದು ಬೇಯಿಸುವ ಫ್ರೆಂಚ್ ತಿನಿಸಿಗೆ, ಕೈ ಹಾಕುತ್ತಾರೆ. ಒಳ್ಳೆಯದೇ. ತರಕಾರಿ ಇದೆ, ಮೊಟ್ಟೆ ಇದೆ, ಎರಡು ಹೋಳು ತಿಂದರೆ ರಾತ್ರಿ ಊಟ ಆಗಿಹೋಗುತ್ತದೆ. ಆದರೆ ಇತ್ತೀಚೆಗೆ ಸ್ನೇಹಿತರ ಮನೆಯಲ್ಲಾಗಲಿ, ಕೆಫೆಗಳಲ್ಲಾಗಲಿ ನನ್ನ ತಟ್ಟೆಗೆ ಬರುತ್ತಿರುವುದು ತಳದಲ್ಲಿ ನೆಂದು ಮೆತ್ತಗಾದ ಮೈದಾ, ನಡುವೆ ನೀರು ಬಿಟ್ಟುಕೊಂಡ ಕ್ಯಾಪ್ಸಿಕಂ, ಮೇಲೆ ಎಳೆದಷ್ಟೂ ಬರುವ ಚೀಸ್. ಮೊಟ್ಟೆ ಎಲ್ಲಿದೆ ಅಂತ ಹುಡುಕಬೇಕು.

ಚೀಸ್ ಇಲ್ಲದೆಯೂ ಕೀಶ್ ಆಗುತ್ತದೆ, ಮೊಟ್ಟೆ-ಕೆನೆ ಇಲ್ಲದೆ ಆಗುವುದಿಲ್ಲ. ಫ್ರಾನ್ಸಿನ ಈಶಾನ್ಯ ಮೂಲೆಯ ಲೊರೇನ್ ಸೀಮೆ ಇದರ ತವರು. ಅಲ್ಲಿಯ ಹಳೆಯ ಕ್ರಮದ ಕೀಶ್ ಲೊರೇನ್‌ಗೆ ಮೊಟ್ಟೆ, ಕೆನೆ, ಹಂದಿಮಾಂಸದ ಸಣ್ಣ ಚೂರು, ಅಷ್ಟೇ. ಗ್ರುಯೇರ್ ಚೀಸ್ ಸೇರಿಸಿದರೆ ಅದು ವೋಜ್ ಬೆಟ್ಟಸೀಮೆಯ ಕೀಶ್, ಈರುಳ್ಳಿ ಸೇರಿಸಿದರೆ ಪಕ್ಕದ ಅಲ್ಸಾಸ್‌ನವರ ಕೀಶ್. ಹಂದಿಮಾಂಸದ ಜಾಗಕ್ಕೆ ನಾವು ಸೊಪ್ಪು, ಅಣಬೆ ತಂದುಕೊಂಡರೆ ತಪ್ಪೇನಿಲ್ಲ. ಆದರೆ ಒಳಗಿರಬೇಕಾದ್ದು ಮೃದುವಾಗಿ, ಬಾಯಲ್ಲಿ ಕರಗುವ ಹಾಗೆ ಹೆಪ್ಪುಗಟ್ಟಿದ ಮೊಟ್ಟೆ-ಕೆನೆ. ತರಕಾರಿ ಅದಕ್ಕೆ ಜೊತೆ ಮಾತ್ರ. ಚೀಸ್ ನಾನು ಹಾಕುವುದು 50 ಗ್ರಾಂ, ಅದೂ ರುಚಿಗೆ.

ಎಲ್ಲ ಕೆಡುವುದು ನೀರಿನಿಂದ. ಪಾಲಕ್, ಅಣಬೆ, ಟೊಮೆಟೊ, ಯಾವುದನ್ನು ತೆಗೆದುಕೊಂಡರೂ ತೂಕದಲ್ಲಿ 90%ಕ್ಕಿಂತ ಹೆಚ್ಚು ನೀರೇ. ಹಸಿಯಾಗಿ ಹೆಚ್ಚಿ ಹಾಕಿದರೆ ಆ ನೀರೆಲ್ಲ ಓವನ್ನಿನೊಳಗೆ ಹೊರಗೆ ಬಂದು ಮೊಟ್ಟೆಯನ್ನೂ ತೆಳ್ಳಗೆ ಮಾಡುತ್ತದೆ, ತಳವನ್ನೂ ನೆನೆಸುತ್ತದೆ. ಪಾಲಕ್ ಅನ್ನು ಬಾಣಲೆಯಲ್ಲಿ ಬಾಡಿಸಿ, ಆರಿದ ಮೇಲೆ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. (ಆ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಆಗುತ್ತದೆ.) ಅಣಬೆಯನ್ನು ಅಗಲ ಬಾಣಲೆಯಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಬಿಟ್ಟ ನೀರು ಪೂರ್ತಿ ಇಂಗಿ ಅಂಚು ಕೆಂಪಾಗುವ ತನಕ ಹುರಿಯಿರಿ. ಟೊಮೆಟೊ ಬೇಡವೇ ಬೇಡ ಅನ್ನುತ್ತೇನೆ, ಬೇಕೇ ಬೇಕೆಂದರೆ ಬೀಜದ ತಿರುಳು ತೆಗೆದು ಮೇಲೆ ಎರಡು ಹೋಳು ಇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು, ನಿಧಾನವಾಗಿ ಕಂದು ಬಣ್ಣಕ್ಕೆ ಬಾಡಿಸಿದ ಈರುಳ್ಳಿ ಮತ್ತು ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆಯ ಘಮಕ್ಕೂ ಮೊಟ್ಟೆಗೂ ಅದೇನು ನಂಟೋ, ಇಷ್ಟು ಚೆನ್ನಾಗಿ ಹೊಂದುವ ಸೊಪ್ಪು ನಮ್ಮ ಮಾರುಕಟ್ಟೆಯಲ್ಲಿ ಇನ್ನೊಂದಿಲ್ಲ. ಅದನ್ನು ಬಿಟ್ಟು ಡಬ್ಬಿಯ ಸ್ವೀಟ್ ಕಾರ್ನ್ ಸುರಿಯುತ್ತಾರಲ್ಲ, ಯಾಕೆ?

ತಳದ ಹಿಟ್ಟಿಗೆ ಜನ ಸುಮ್ಮನೆ ಹೆದರುತ್ತಾರೆ. 9 ಇಂಚಿನ ಟಿನ್‌ಗೆ 200 ಗ್ರಾಂ ಮೈದಾ, 100 ಗ್ರಾಂ ತಣ್ಣನೆಯ ಬೆಣ್ಣೆ, ಚಿಟಿಕೆ ಉಪ್ಪು (ಬೆಣ್ಣೆಯಲ್ಲೇ ಉಪ್ಪಿದ್ದರೆ ಅದೂ ಬೇಡ), ಮೂರು ನಾಲ್ಕು ಚಮಚ ಫ್ರಿಜ್ ನೀರು. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಹಾಕಿ ಉಜ್ಜುತ್ತೇವಲ್ಲ, ಇಲ್ಲೂ ಅದೇ ಕೆಲಸ. ಬೆಣ್ಣೆ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು, ನೀರು ತಾಗಿದಾಗ ಜಿಗುಟು ಬರದಂತೆ ತಡೆಯುತ್ತದೆ, ಹಾಗಾಗಿ ಗರಿಗರಿ. ಬೆರಳ ತುದಿಯಲ್ಲಿ ಉಜ್ಜಿ, ನೀರು ಚಿಮುಕಿಸಿ, ಉಂಡೆ ಕೂಡಿಕೊಂಡರೆ ಸಾಕು, ನಾದಲೇಬೇಡಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಲಟ್ಟಿಸಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಮಾಡಹೊರಟರೆ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಬೆಳಗ್ಗೆಯೇ ಮುಗಿಸಿಕೊಳ್ಳಿ. ಟಿನ್‌ಗೆ ಹಾಸಿ, ಫೋರ್ಕಿನಿಂದ ಚುಚ್ಚಿ, ಮೇಲೆ ಬಟರ್ ಪೇಪರ್ ಹಾಕಿ ಭಾರಕ್ಕೆ ಒಣ ರಾಜ್ಮಾನೋ ಕಡಲೆಯನ್ನೋ ತುಂಬಿ 190 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ ಕಾಳು ತೆಗೆದು ತಳ ಒಣಗುವ ತನಕ ಇನ್ನೊಂದಿಷ್ಟು ಹೊತ್ತು ಬೇಯಿಸಿ. ಹೀಗೆ ಮೊದಲೇ ಖಾಲಿ ತಳ ಬೇಯಿಸುವುದನ್ನು ಬಿಟ್ಟವರ ಕೀಶ್ ಮೆತ್ತಗಾಗದೆ ಇನ್ನೇನಾಗುತ್ತದೆ? ಕಾಳು ಡಬ್ಬಿಗೆ ಹಾಕಿಟ್ಟರೆ ಮುಂದಿನ ಸಲಕ್ಕೂ ಬರುತ್ತದೆ. ಸಾರಿಗೆ ಹಾಕಲು ಹೋಗಬೇಡಿ, ಬೇಯುವುದಿಲ್ಲ.

ಒಳಗಿನದಕ್ಕೆ ಮೂರು ಮೊಟ್ಟೆ, 200 ಮಿ.ಲೀ. ಪೊಟ್ಟಣದ ಕ್ರೀಮ್, 150 ಮಿ.ಲೀ. ಹಾಲು. ನಮ್ಮಲ್ಲಿ ಸಿಗುವ ಪೊಟ್ಟಣದ ಕ್ರೀಮ್‌ನಲ್ಲಿ ಕೊಬ್ಬು ಸಾಮಾನ್ಯವಾಗಿ 25%, ಫ್ರಾನ್ಸಿನವರದು 30% ದಾಟುತ್ತದೆ. ಅದಕ್ಕೇ ಹಾಲನ್ನು ಕಡಿಮೆ ಇಟ್ಟಿದ್ದೇನೆ. ಉಪ್ಪು, ಕುಟ್ಟಿದ ಕಾಳುಮೆಣಸು, ತುರಿದ ಜಾಜಿಕಾಯಿ ಒಂದು ಚೂರು. ಗರಂ ಮಸಾಲೆ ಬೇಡ. ನೊರೆ ಬರುವಂತೆ ಬೀಸುವುದೂ ಬೇಡ. ಹಾಗೆ ಬೀಸಿದರೆ ಉಬ್ಬಿ ಆಮೇಲೆ ಕುಸಿಯುತ್ತದೆ.

ಬೆಂದ ತಳದಲ್ಲಿ ತರಕಾರಿ ಹರಡಿ ಇದನ್ನು ಸುರಿದ ಮೇಲೆ ಶಾಖ 160ಕ್ಕೆ ಇಳಿಸಿ. ಮೊಟ್ಟೆ-ಕೆನೆ ಸುಮಾರು 80 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗುತ್ತದೆ, 85 ದಾಟಿತೋ ಒಡೆದು ನೀರು ಬಿಡಲು ಶುರು. ನಡುವೆ ಇರುವುದು ಐದೇ ಡಿಗ್ರಿ. ಆದ್ದರಿಂದ 30 ನಿಮಿಷದ ಮೇಲೆ ಟಿನ್ ಅಲುಗಿಸಿ ನೋಡುತ್ತಿರಿ. ಅಂಚು ಗಟ್ಟಿಯಾಗಿ, ನಟ್ಟನಡುವೆ ಮಾತ್ರ ಸ್ವಲ್ಪ ತುಳುಕಿದರೆ ಹೊರಗೆ ತೆಗೆಯಿರಿ, ಉಳಿದದ್ದು ತನ್ನ ಬಿಸಿಯಲ್ಲೇ ಕೂರುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಡದೆ ಚಾಕು ಹಾಕುವವರಿಗೆ ಹೋಳು ಸಿಗುವುದಿಲ್ಲ, ಪಲ್ಯ ಸಿಗುತ್ತದೆ. ಮಾರನೆಯ ದಿನಕ್ಕೆ ಮಿಕ್ಕರೆ ಮೈಕ್ರೋವೇವ್‌ಗೆ ಇಡಬೇಡಿ, ಅಷ್ಟು ಕಷ್ಟಪಟ್ಟು ಗರಿಯಾಗಿಸಿದ ತಳ ನಿಮಿಷದಲ್ಲಿ ಮೆತ್ತಗಾಗುತ್ತದೆ. ಓವನ್ನೇ ಸರಿ.

ಇನ್ನು ಎಗ್‌ಲೆಸ್ ಕೀಶ್. ಕಾಮೆಂಟಿನಲ್ಲಿ ಇದೇ ಪ್ರಶ್ನೆ ಬರುತ್ತದೆಂದು ಗೊತ್ತಿರುವುದರಿಂದ ಈಗಲೇ ಹೇಳಿಬಿಡುತ್ತೇನೆ. ಕಡಲೆಹಿಟ್ಟು, ತೋಫು, ಕಾರ್ನ್‌ಫ್ಲೋರ್ ಹಾಕಿ ಮಾಡುತ್ತಾರೆ, ರುಚಿಯಾಗಿಯೂ ಇರಬಹುದು, ಆದರೆ ಕಡಲೆಹಿಟ್ಟು ಬೆಂದರೆ ಕಡಲೆಹಿಟ್ಟಿನ ರುಚಿಯೇ ಬರುವುದು. ಮೊಟ್ಟೆ ತಿನ್ನದವರಿಗೆ ನಕಲು ಯಾಕೆ ಬಡಿಸಬೇಕು? ನಮ್ಮತ್ತೆ ಮೊಟ್ಟೆ ಮುಟ್ಟುವುದಿಲ್ಲ. ಅದೇ ಹಿಟ್ಟಿನಲ್ಲಿ ಒಂದು ಪಾಲು ತೆಗೆದಿಟ್ಟು, ಬಾಡಿಸಿದ ಈರುಳ್ಳಿ, ಬೇಯಿಸಿದ ಆಲೂಗಡ್ಡೆ, ಹಸಿಮೆಣಸಿನಕಾಯಿ ತುಂಬಿ ಅಂಚು ಮಡಚಿ ಬೇಯಿಸಿಕೊಡುತ್ತೇನೆ. ಅದನ್ನು ನಾನೂ ಕೀಶ್ ಅನ್ನುವುದಿಲ್ಲ, ಅವರೂ ಅನ್ನುವುದಿಲ್ಲ. "ಆ ಪಫ್ ಥರದ್ದು ಮಾಡ್ತೀಯೇನಮ್ಮ ಇವತ್ತು?" ಅಂತ ಕೇಳುತ್ತಾರೆ, ಎರಡು ತಿನ್ನುತ್ತಾರೆ.